ಮಾರದೆ ಉಳಿಸಿಕೊಂಡ ಅರವತ್ತು ಪಾಲು

ನೈಜೀರಿಯಾದ ತೈಲ ಉದ್ಯಮಿ ಫೊಲೊರುನ್ಶೊ ಅಲಾಕಿಜಾ ಅವರ ಬಗ್ಗೆ ಬಂದಿರುವ ಬಹುಪಾಲು ಬರಹಗಳು ಹೊಲಿಗೆ ಯಂತ್ರದ ಮುಂದೆ ಶುರುವಾಗಿ ಶತಕೋಟಿ ಡಾಲರಿನಲ್ಲಿ ಮುಗಿಯುತ್ತವೆ. ನಡುವೆ ಒಂದೇ ಒಂದು ಸಾಲು: 1993ರಲ್ಲಿ ಅವರಿಗೆ ತೈಲದ ಬ್ಲಾಕ್, ಅಂದರೆ ತೈಲ ಹುಡುಕಲು ಸರ್ಕಾರ ಗುರುತಿಸಿ ಕೊಡುವ ಜಾಗ, ಸಿಕ್ಕಿತು. ದಾರಿಯಲ್ಲಿ ಬಿದ್ದಿದ್ದ ಉಂಗುರ ಸಿಕ್ಕಿತು ಅನ್ನುವ ಧಾಟಿ. ಆ ಬ್ಲಾಕಿನಿಂದ ಮೊದಲ ಬ್ಯಾರೆಲ್ ಕಚ್ಚಾತೈಲ ಹೊರಬಂದದ್ದು 2008ರ ಜುಲೈನಲ್ಲಿ. ಅಲ್ಲಿಗೆ ಹದಿನೈದು ವರ್ಷ. ಅದರಲ್ಲಿ ಯಾರ ಪಾಲು ಎಷ್ಟು ಎಂಬ ಜಗಳ ನೈಜೀರಿಯಾದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2012ರಲ್ಲಿ. ಅಲ್ಲಿಗೆ ಹತ್ತೊಂಬತ್ತು. ಈ ಉದ್ಯಮಿಯ ಬದುಕಿನಲ್ಲಿ ನಿಜವಾಗಿ ತಿಳಿಯಬೇಕಾದ್ದು ಆ ಹತ್ತೊಂಬತ್ತು ವರ್ಷಗಳಲ್ಲಿದೆ. ಅದಕ್ಕೆ ಮುಂಚಿನದು ಪೀಠಿಕೆ, ಆದರೆ ಹಾರಿಸಿ ಓದುವಂಥ ಪೀಠಿಕೆಯಲ್ಲ.

ಹುಟ್ಟಿದ್ದು 1951ರ ಜುಲೈ 15ರಂದು, ಲಾಗೋಸ್ ರಾಜ್ಯದ ಇಕೊರೊಡು ಊರಿನಲ್ಲಿ. ತಂದೆ ಒಗ್ಬಾರಾ ಯೊರುಬಾ ಸಮುದಾಯದ ಸ್ಥಿತಿವಂತ ಮುಖಂಡರು. ಎಂಟು ಮಂದಿ ಹೆಂಡತಿಯರು, ಐವತ್ತೆರಡು ಮಕ್ಕಳ ಮನೆ ಅದು. ಏಳನೇ ವಯಸ್ಸಿಗೆ ಹುಡುಗಿಯನ್ನು ವೇಲ್ಸಿನ ಡಿನೋರ್ಬೆನ್ ಶಾಲೆಗೆ ಕಳಿಸಿದರು. ನಾಲ್ಕು ವರ್ಷ ಅಲ್ಲಿ ಓದಿ, ಮರಳಿ ಬಂದು ಒಗುನ್ ರಾಜ್ಯದ ಶಗಾಮುವಿನ ಮುಸ್ಲಿಂ ಹೈಸ್ಕೂಲು. ಆಮೇಲೆ ಮತ್ತೆ ಲಂಡನ್, ಪಿಟ್‌ಮನ್ ಕಾಲೇಜಿನಲ್ಲಿ ಸೆಕ್ರೆಟರಿ ತರಬೇತಿ. ಪದವಿ ಅಲ್ಲ, ಗಮನಿಸಿ. ಶೀಘ್ರಲಿಪಿ, ಬೆರಳಚ್ಚು, ಕಚೇರಿ ಪತ್ರವ್ಯವಹಾರ. ಪಿಟ್‌ಮನ್ ಶೀಘ್ರಲಿಪಿ ಅಕ್ಷರಗಳನ್ನಲ್ಲ, ಉಚ್ಚಾರಣೆಯನ್ನು ಹಿಡಿಯುವ ವಿದ್ಯೆ. ಅದೇ ಗೆರೆಯನ್ನು ತೆಳ್ಳಗೆ ಎಳೆದರೆ ‘ಪ’, ದಪ್ಪಗೆ ಎಳೆದರೆ ‘ಬ’. ಕೈ ಸ್ವಲ್ಪ ಒತ್ತಿದರೂ ಅರ್ಥ ಬದಲಾಗುತ್ತದೆ. ಅದನ್ನು ವರ್ಷಗಟ್ಟಲೆ ಮಾಡಿದವರಿಗೆ ಒಂದು ಕಾಗದದಲ್ಲಿ ಯಾವ ಪದ ಎಲ್ಲಿ ಕೂತಿದೆ ಎಂದು ನೋಡುವ ಚಾಳಿ ಬರುತ್ತದೆ.

1974ರಲ್ಲಿ ಲಾಗೋಸಿನ ಸಿಜುವಾಡೆ ಎಂಟರ್‌ಪ್ರೈಸಸ್‌ನಲ್ಲಿ ಎಕ್ಸಿಕ್ಯೂಟಿವ್ ಸೆಕ್ರೆಟರಿಯಾಗಿ ಕೆಲಸ ಶುರು. ಅಲ್ಲಿಂದ ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್ ಶಿಕಾಗೋದ ಲಾಗೋಸ್ ಕಚೇರಿ. ಈ ಬ್ಯಾಂಕ್ ಮುಂದೆ ಇಂಟರ್‌ನ್ಯಾಷನಲ್ ಮರ್ಚೆಂಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. ಅಲಾಕಿಜಾ ಅಲ್ಲಿ ವ್ಯವಸ್ಥಾಪಕ ನಿರ್ದೇಶಕರ ಸೆಕ್ರೆಟರಿಯಾಗಿ ಸೇರಿ ಕಾರ್ಪೊರೇಟ್ ವ್ಯವಹಾರ ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ಏರಿದರು. 1976ರಲ್ಲಿ ವಕೀಲ ಮೊಡುಪೆ ಅಲಾಕಿಜಾ ಅವರೊಡನೆ ಮದುವೆ, ನಾಲ್ವರು ಗಂಡುಮಕ್ಕಳು.

ಆ ಹೊತ್ತಿನ ಬ್ಯಾಂಕಿನೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಒಂದು ಹಿನ್ನೆಲೆ ಇದೆ. 1972ರಲ್ಲಿ, ಮತ್ತೆ 1977ರಲ್ಲಿ ಇನ್ನೂ ಬಿಗಿಯಾಗಿ, ನೈಜೀರಿಯಾ ಸರ್ಕಾರ ದೇಶೀಕರಣದ ಸುಗ್ರೀವಾಜ್ಞೆ ತಂದಿತು. ಬ್ಯಾಂಕಿಂಗ್ ಸೇರಿದಂತೆ ಹಲವು ವ್ಯವಹಾರಗಳಲ್ಲಿ ನೂರರಲ್ಲಿ ಕನಿಷ್ಠ 60 ಪಾಲು ನೈಜೀರಿಯನ್ನರ ಕೈಯಲ್ಲಿರಬೇಕು, ವಿದೇಶಿಯರಿಗೆ ಹೆಚ್ಚೆಂದರೆ 40. ಅಂದರೆ ಷೇರಿನ ಮಾಲೀಕತ್ವ ಒಬ್ಬರದ್ದು, ನಡೆಸುವ ತಿಳಿವಳಿಕೆ ಇನ್ನೊಬ್ಬರದ್ದು ಎಂಬ ವ್ಯವಸ್ಥೆ. ಈ 60–40 ಮುಂದೆ ಇನ್ನೊಮ್ಮೆ ಬರುತ್ತದೆ.

ಹೊಲಿಗೆಯ ಅಧ್ಯಾಯವನ್ನು ಎಲ್ಲರೂ ಬರೆದಿದ್ದಾರೆ, ಆದರೆ ವ್ಯಾಪಾರವಾಗಿ ಬರೆದವರು ಕಡಿಮೆ. ಬ್ಯಾಂಕ್ ಬಿಟ್ಟು ಅವರು ಲಂಡನ್ನಿನ ಅಮೆರಿಕನ್ ಕಾಲೇಜು ಮತ್ತು ಸೆಂಟ್ರಲ್ ಸ್ಕೂಲ್ ಆಫ್ ಫ್ಯಾಷನ್‌ನಲ್ಲಿ ವಸ್ತ್ರವಿನ್ಯಾಸ ಕಲಿತರು. ಲಾಗೋಸಿಗೆ ಬಂದು ‘ಸುಪ್ರೀಂ ಸ್ಟಿಚಸ್’ ತೆರೆದರು. 1986ರಲ್ಲೇ ರಾಷ್ಟ್ರಮಟ್ಟದಲ್ಲಿ ವರ್ಷದ ಅತ್ಯುತ್ತಮ ವಿನ್ಯಾಸಕಿ ಎನಿಸಿದರು. ಅಂಗಡಿಗೆ ಆಮೇಲೆ ‘ರೋಸ್ ಆಫ್ ಶಾರನ್ ಹೌಸ್ ಆಫ್ ಫ್ಯಾಷನ್’ ಎಂಬ ಹೆಸರು ಬಂತು. ನೈಜೀರಿಯಾ ಫ್ಯಾಷನ್ ವಿನ್ಯಾಸಕರ ಸಂಘಕ್ಕೂ ಅಧ್ಯಕ್ಷೆಯಾದರು.

1986 ಎಂಬ ವರ್ಷವನ್ನು ಸ್ವಲ್ಪ ನಿಂತು ನೋಡಬೇಕು. ಆ ಸೆಪ್ಟೆಂಬರಿನಲ್ಲಿ ನೈಜೀರಿಯಾ ಆರ್ಥಿಕ ಪುನರ್ರಚನೆಯ ಹೆಸರಿನಲ್ಲಿ ತನ್ನ ನಾಣ್ಯವಾದ ನಾಯ್ರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಹಿಂದಿನ ವರ್ಷ ಡಾಲರಿಗೆ ಒಂದು ನಾಯ್ರಾಕ್ಕಿಂತ ಕಡಿಮೆ ಇದ್ದದ್ದು, 1987ರ ಹೊತ್ತಿಗೆ ನಾಲ್ಕು ದಾಟಿತು. ಲಂಡನ್ನಿಗೆ ಹೋಗಿ ಬಟ್ಟೆ ತರುತ್ತಿದ್ದ ಶ್ರೀಮಂತ ಮನೆಗಳಿಗೆ ಅದು ದಿಢೀರನೆ ನಾಲ್ಕು ಪಟ್ಟು ದುಬಾರಿ. ಅಂಥ ಸಮಯದಲ್ಲಿ ಲಂಡನ್ನಿನಲ್ಲಿ ಕತ್ತರಿ ಹಿಡಿಯಲು ಕಲಿತ ಕೈ ಲಾಗೋಸಿನಲ್ಲೇ ಸಿಕ್ಕರೆ ಗಿರಾಕಿ ತಾನಾಗಿ ಬರುತ್ತಾನೆ. ಇದು ನಮ್ಮ ಊಹೆ, ಆದರೆ ದಿನಾಂಕಗಳು ಚೆನ್ನಾಗಿ ಕೂಡಿಬರುತ್ತವೆ.

ಯೊರುಬಾ ಹೆಂಗಸಿನ ಪೂರ್ತಿ ಉಡುಪೆಂದರೆ ನಾಲ್ಕು ತುಂಡು. ಸೊಂಟಕ್ಕೆ ಸುತ್ತುವ ಇರೊ, ಮೇಲಿನ ಸಡಿಲ ರವಿಕೆ ಬೂಬಾ, ತಲೆಗೆ ಕಟ್ಟುವ ಗೆಲೆ, ಹೆಗಲ ಮೇಲಿನ ಇಪೆಲೆ. ಲೇಸ್ ಬಟ್ಟೆ ಐದು ಗಜದ ತುಂಡಾಗಿ, ಅಚ್ಚು ಹಾಕಿದ ಹತ್ತಿಬಟ್ಟೆ ಅಂಕಾರಾ ಆರು ಗಜದ ತುಂಡಾಗಿ ಮಾರಾಟವಾಗುತ್ತದೆ. ಕೈಮಗ್ಗದ ಅಸೊ-ಓಕೆ ಒಂದು ಗೇಣೂ ಅಗಲವಿಲ್ಲದ ಪಟ್ಟಿಗಳಾಗಿ ಮಗ್ಗದಿಂದ ಇಳಿಯುತ್ತದೆ. ಪಟ್ಟಿಗೆ ಪಟ್ಟಿ ಜೋಡಿಸಿ ಹೊಲಿದರೇನೇ ಗೆಲೆಯ ಅಗಲ ಬರುವುದು. ಜೋಡಿಸುವಾಗ ವಿನ್ಯಾಸದ ಗೆರೆ ಒಂದಿಷ್ಟು ಜಾರಿದರೂ ತಲೆಯ ಮೇಲೆ ಕಟ್ಟಿದಾಗ ಎದ್ದು ಕಾಣುತ್ತದೆ, ಬಿಚ್ಚಿ ಮತ್ತೆ ಹೊಲಿದರೆ ಸೂಜಿಯ ತೂತು ಉಳಿಯುತ್ತದೆ. ಈ ಕಸುಬಿನ ದೊಡ್ಡ ಆದಾಯ ಇರುವುದು ಅಸೊ-ಎಬಿಯಲ್ಲಿ. ಮದುವೆಗೋ ಉತ್ತರಕ್ರಿಯೆಗೋ ಬಂಧುಬಳಗವೆಲ್ಲ ಒಂದೇ ಬಟ್ಟೆ ಉಡುವ ಪದ್ಧತಿ ಅದು. ನೂರು ಮಂದಿಗೆ ಒಂದೇ ಬಟ್ಟೆ, ನೂರು ಬೇರೆ ಬೇರೆ ಅಳತೆ, ಎಲ್ಲಕ್ಕೂ ಒಂದೇ ಶನಿವಾರದ ಗಡುವು. ಎರಡನೇ ಸಲ ಬಟ್ಟೆ ತರಿಸಿದರೆ ಬಣ್ಣದ ಪಾಕ ಬೇರೆ ಬಂದು ಛಾಯೆ ಹೊಂದುವುದಿಲ್ಲ, ಆದ್ದರಿಂದ ಅನುಭವಿಗಳು ಮೊದಲೇ ಹೆಚ್ಚುವರಿ ತುಂಡು ತರಿಸಿಡುತ್ತಾರೆ. ಮುಂಗಡ ಹಿಡಿಯದೆ ಕತ್ತರಿ ಹಾಕಿದ ದರ್ಜಿ ಮುಳುಗುತ್ತಾನೆ. ದೊಡ್ಡ ಮನೆಗಳ ಗಿರಾಕಿಗಳನ್ನು ಹಿಡಿದಿಟ್ಟುಕೊಂಡು ಇಂಥ ಅಂಗಡಿ ನಡೆಸುವುದು ಸಣ್ಣ ಕೆಲಸವಲ್ಲ.

ಆ ದೊಡ್ಡ ಮನೆಗಳ ವಿಷಯ. ಅಧ್ಯಕ್ಷ ಇಬ್ರಾಹಿಂ ಬಬಂಗಿಡಾ ಅವರ ಪತ್ನಿ ಮರ್ಯಮ್ ಬಬಂಗಿಡಾ ಅಲಾಕಿಜಾ ಅವರ ಗಿರಾಕಿ ಎಂಬುದು ನೈಜೀರಿಯಾದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ತೈಲದ ಬ್ಲಾಕ್ ಬಂದದ್ದು ಆ ನಂಟಿನಿಂದಲೇ ಎಂದು ಟೀಕಾಕಾರರು ಹೇಳುತ್ತ ಬಂದಿದ್ದಾರೆ. ಅಲಾಕಿಜಾ ಹೇಳುವುದು ಬೇರೆ. ಸಂದರ್ಶನಗಳಲ್ಲಿ ಅವರು ವಿವರಿಸಿರುವ ಪ್ರಕಾರ, ನೈಜೀರಿಯಾದ ಕಚ್ಚಾತೈಲ ಕೊಳ್ಳಲು ಬಯಸಿದ ಪರಿಚಿತರೊಬ್ಬರ ಪರವಾಗಿ ಮೊದಲು ತೈಲ ಸಚಿವರ ಬಳಿ ಹೋದರು, ಅದಾಗುವುದಿಲ್ಲ ಎಂದರು, ಮತ್ತೆ ಮತ್ತೆ ಅಲೆದಾಟ, ಕೊನೆಗೆ ಅನ್ವೇಷಣಾ ಪರವಾನಗಿಗೆ ಅರ್ಜಿ, ಒಟ್ಟು ಮೂರು ವರ್ಷದ ಓಡಾಟ. ನಮಗನಿಸುವಂತೆ ಈ ಎರಡು ಮಾತೂ ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಆ ಕಾಲದಲ್ಲಿ ಬ್ಲಾಕುಗಳನ್ನು ಹರಾಜು ಹಾಕುತ್ತಿರಲಿಲ್ಲ, ಸಚಿವರ ವಿವೇಚನೆಯಿಂದ ಹಂಚುತ್ತಿದ್ದರು. 1990ರ ದಶಕದ ಆರಂಭದಲ್ಲಿ ಸ್ವದೇಶಿ ಕಂಪನಿಗಳನ್ನು ತೈಲೋದ್ಯಮಕ್ಕೆ ತರುವ ಕಾರ್ಯಕ್ರಮವೇ ಹಾಗೆ ನಡೆದದ್ದು. ವಿವೇಚನೆಯ ಬಾಗಿಲಿಗೆ ಪರಿಚಯವೇ ಕೀಲಿ. ಅದು ಒಬ್ಬರ ದೋಷಕ್ಕಿಂತ ವ್ಯವಸ್ಥೆಯ ದೋಷ. ಹಾಗೆ ಬ್ಲಾಕ್ ಪಡೆದ ಎಷ್ಟೋ ಕಂಪನಿಗಳು ಒಂದು ಹನಿಯನ್ನೂ ಕಾಣದೆ ಹೋದವು ಎಂಬುದೂ ಅಷ್ಟೇ ನಿಜ.

ಅವರ ಕುಟುಂಬದ ಫಾಮ್ಫಾ ಕಂಪನಿಗೆ 1993ರಲ್ಲಿ ಸಿಕ್ಕಿದ್ದು ಒಪಿಎಲ್ 216. ಒಪಿಎಲ್ ಎಂದರೆ ತೈಲ ಹುಡುಕುವ ಪರವಾನಗಿ. ವಿಸ್ತಾರ ಸುಮಾರು 6,17,000 ಎಕರೆ, ಅಂದರೆ ಹತ್ತಿರ ಹತ್ತಿರ 2,500 ಚದರ ಕಿಲೋಮೀಟರು. ಇರುವುದು ಲಾಗೋಸಿನಿಂದ ಆಗ್ನೇಯಕ್ಕೆ ಸುಮಾರು 350 ಕಿಲೋಮೀಟರ್ ದೂರದಲ್ಲಿ, ನೈಜರ್ ಮುಖಜಭೂಮಿಯ ಕರಾವಳಿಯಿಂದ 110 ಕಿಲೋಮೀಟರಿಗೂ ಹೆಚ್ಚು ಕಡಲೊಳಗೆ. ಮುಂದೆ ತೈಲ ಸಿಕ್ಕ ಜಾಗದಲ್ಲಿ ನೀರಿನ ಆಳವೇ 1,460 ಮೀಟರಿನಷ್ಟು, ಅದಾದ ಮೇಲೆ ಕಡಲ ತಳದ ಬಂಡೆ. 1993ರಲ್ಲಿ ನೈಜೀರಿಯಾದ ಆಳಗಡಲಲ್ಲಿ ಇನ್ನೂ ಯಾರಿಗೂ ದೊಡ್ಡ ನಿಕ್ಷೇಪ ಸಿಕ್ಕಿರಲಿಲ್ಲ. ಬ್ಯಾರೆಲಿನ ಬೆಲೆ 17 ಡಾಲರಿನ ಆಸುಪಾಸು. ಆ ಬೆಲೆಗೆ ಅಷ್ಟು ಆಳದಲ್ಲಿ ಬಾವಿ ಕೊರೆಯುವುದು ಹಣವನ್ನು ನೀರಿಗೆ ಸುರಿದಂತೆ ಎಂದು ಕಂಪನಿಗಳು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಬೇರೆಯವರು ಬೇಡವೆಂದ ಬ್ಲಾಕ್ ಅದು ಎಂದು ಅಲಾಕಿಜಾ ಹೇಳುತ್ತಾರೆ.

ಪರವಾನಗಿ ಕೈಗೆ ಬಂದರೆ ಕೆಲಸ ಶುರುವಾಯಿತು ಎಂದಲ್ಲ, ಗಡಿಯಾರ ಶುರುವಾಯಿತು ಎಂದರ್ಥ. ಒಪಿಎಲ್‌ಗೆ ಅವಧಿಯಿತ್ತು. ಅಷ್ಟರೊಳಗೆ ಕಂಪನದ ಅಲೆ ಹಾಯಿಸಿ ತಳದ ಬಂಡೆಯ ಸಮೀಕ್ಷೆ ಮಾಡಿಸಬೇಕಿತ್ತು, ಬಾವಿ ಕೊರೆಯಬೇಕಿತ್ತು, ದಿನಕ್ಕೆ ಕನಿಷ್ಠ 10,000 ಬ್ಯಾರೆಲ್ ತೆಗೆಯಬಹುದಾದ ನಿಕ್ಷೇಪ ಇದೆ ಎಂದು ತೋರಿಸಬೇಕಿತ್ತು. ತೋರಿಸಿದರೆ ಅದು ಒಎಂಎಲ್, ಅಂದರೆ 20 ವರ್ಷದ ಗಣಿಗಾರಿಕೆ ಗುತ್ತಿಗೆಯಾಗಿ ಬದಲಾಗುತ್ತಿತ್ತು. ತೋರಿಸದಿದ್ದರೆ ಪರವಾನಗಿ ಬರಿಯ ಕಾಗದ. ಒಂದು ಆಳಗಡಲ ಬಾವಿಯ ಖರ್ಚನ್ನು ಹೊಲಿಗೆ ಅಂಗಡಿಯ ಲಾಭದಿಂದ ತೆಗೆಯಲಾಗದು, ನೈಜೀರಿಯಾದ ಯಾವ ಬ್ಯಾಂಕೂ ಆಗ ಆ ಮೊತ್ತ ಕೊಡುತ್ತಿರಲಿಲ್ಲ. ಮೂರು ವರ್ಷ ಪಾಲುದಾರರ ಹುಡುಕಾಟದಲ್ಲೇ ಹೋಯಿತು.

1996ರ ಸೆಪ್ಟೆಂಬರಿನಲ್ಲಿ ಅಮೆರಿಕದ ತೈಲ ಕಂಪನಿ ಟೆಕ್ಸಾಕೋದ ಅಂಗಸಂಸ್ಥೆಯಾದ ಸ್ಟಾರ್ ಡೀಪ್ ವಾಟರ್ ಪೆಟ್ರೋಲಿಯಂ ಜೊತೆ ಕರಾರಾಯಿತು. ಫಾಮ್ಫಾ ತನ್ನ ನೂರರಲ್ಲಿ 40 ಪಾಲು ಬಿಟ್ಟುಕೊಟ್ಟು 60 ಉಳಿಸಿಕೊಂಡಿತು. ಸ್ಟಾರ್ ಡೀಪ್ ತಾಂತ್ರಿಕ ಸಲಹೆಗಾರ ಮತ್ತು ನಿರ್ವಾಹಕ. ಮುಂದೆ ಸ್ಟಾರ್ ಡೀಪ್ ತನ್ನ 40ರಲ್ಲಿ 8 ಪಾಲನ್ನು ಬ್ರೆಜಿಲಿನ ಪೆಟ್ರೋಬ್ರಾಸಿಗೆ ಮಾರಿ 32 ಇಟ್ಟುಕೊಂಡಿತು. ಟೆಕ್ಸಾಕೋ 2001ರಲ್ಲಿ ಅಮೆರಿಕದ ಇನ್ನೊಂದು ತೈಲ ಕಂಪನಿ ಶೆವ್ರಾನ್‌ನೊಳಗೆ ಸೇರಿತು, ಸ್ಟಾರ್ ಡೀಪ್ ಕೂಡ ಅದರ ಜೊತೆಗೇ ಹೋಯಿತು.

ಈ 60–40 ಆಕೆಯ ಜಾಣ್ಮೆಯ ಆವಿಷ್ಕಾರ ಎಂದು ಹಾಡಿಹೊಗಳುವವರಿದ್ದಾರೆ. ಹಾಗೇನಿಲ್ಲ. ಅಂದಿನ ಸ್ವದೇಶಿ ಬ್ಲಾಕುಗಳ ಕರಾರುಗಳಲ್ಲಿ ಅದು ಮಾಮೂಲಿ ಅಚ್ಚು. ನಿವೃತ್ತ ಜನರಲ್ ಡಂಜುಮಾ ಅವರ ಸಾಪೆಟ್ರೋ ಕಂಪನಿಯ ಒಪಿಎಲ್ 246ರಲ್ಲೂ ವಿದೇಶಿ ಪಾಲುದಾರರಿಗೆ ಹೋದದ್ದು 40. ಆಕೆಯ ಜಾಣ್ಮೆ ಇರುವುದು ಆ ಅಚ್ಚಿನಲ್ಲಲ್ಲ, ಬಾವಿ ಒಣಗಿದ್ದರೂ ತನ್ನ ತಲೆ ಉಳಿಯುವಂತೆ ಮಾಡಿಕೊಂಡದ್ದರಲ್ಲಿ ಮತ್ತು ತೈಲ ಸಿಕ್ಕ ಮೇಲೆ ಉಳಿದದ್ದನ್ನು ಮಾರದೆ ಕೂತದ್ದರಲ್ಲಿ.

ಅದನ್ನು ಅರ್ಥಮಾಡಿಕೊಳ್ಳಲು ‘ಹೊತ್ತುಕೊಳ್ಳುವ’ ಪದ್ಧತಿ ತಿಳಿದಿರಬೇಕು. ಪರವಾನಗಿ ಇರುವವರ ಪಾಲಿನ ಖರ್ಚನ್ನೂ ತಾಂತ್ರಿಕ ಪಾಲುದಾರನೇ ಹಾಕುತ್ತಾನೆ. ಬಾವಿ ಒಣಗಿದ್ದರೆ ನಷ್ಟ ಅವನದು. ತೈಲ ಬಂದರೆ ಹಾಕಿದ್ದನ್ನು ಮೊದಲು ತೈಲದ ರೂಪದಲ್ಲೇ ವಾಪಸು ಪಡೆಯುತ್ತಾನೆ, ಅದಕ್ಕೆ ವೆಚ್ಚದ ತೈಲ ಎನ್ನುತ್ತಾರೆ. ಆಮೇಲೆ ತೆರಿಗೆ. ಉಳಿದದ್ದು ಲಾಭದ ತೈಲ, ಹಂಚಿಕೆ ಅದರಲ್ಲಿ. ಲೆಕ್ಕ ಹಿಡಿಯಲು ಒಂದು ಕಲ್ಪಿತ ಉದಾಹರಣೆ: 100 ಬ್ಯಾರೆಲ್ ಬಂತು ಅನ್ನಿ. ಮೊದಲ ವರ್ಷಗಳಲ್ಲಿ ವೆಚ್ಚಕ್ಕೇ 60 ಹೋಯಿತು. ಉಳಿದ 40ಕ್ಕೆ ಅರ್ಧ ತೆರಿಗೆ ಎಂದರೆ 20. ಕೈಯಲ್ಲಿ ಹಂಚಲು ನಿಂತದ್ದು 20 ಬ್ಯಾರೆಲ್ ಮಾತ್ರ. ವರ್ಷ ಕಳೆದಂತೆ ಹಳೆಯ ವೆಚ್ಚ ತೀರಿ ವೆಚ್ಚದ ತೈಲ 20ಕ್ಕೆ ಇಳಿದರೆ, ಹಂಚಲು ಉಳಿಯುವುದು 40. ಉತ್ಪಾದನೆ ಅಷ್ಟೇ ಇದ್ದರೂ ಲಾಭ ಎರಡು ಪಟ್ಟು. ಹೊತ್ತುಕೊಳ್ಳಲ್ಪಟ್ಟ ಪಾಲುದಾರ ಮಾಡಬೇಕಾದ ಒಂದೇ ಕೆಲಸ ಎಂದರೆ ಅಲ್ಲಿಯವರೆಗೆ ಮಾರದೆ ಕಾಯುವುದು, ಮತ್ತು ವೆಚ್ಚದ ಪಟ್ಟಿಯ ಒಂದೊಂದು ಬಿಲ್ಲನ್ನೂ ನೋಡುವುದು. ನಿರ್ವಾಹಕ ವೆಚ್ಚ ಏರಿಸಿ ತೋರಿಸಿದಷ್ಟೂ ಹಂಚಿಕೆ ಮುಂದೆ ಹೋಗುತ್ತದೆ. ಸಣ್ಣ ಪಾಲುದಾರರು ಮೋಸ ಹೋಗುವುದು ಇಲ್ಲೇ.

ಓದುಗರಿಗೆ ಆಗಾಗ ಗೊಂದಲವಾಗುವ ಇನ್ನೊಂದು ಅಂಕಿ ಇದೆ. ಫಾಮ್ಫಾ ಬಳಿ 60 ಇದ್ದರೆ, ಶೆವ್ರಾನ್ ತನ್ನ ವರದಿಗಳಲ್ಲಿ ಅಗ್ಬಾಮಿಯಲ್ಲಿ, ಅಂದರೆ ಈ ಬ್ಲಾಕಿನಲ್ಲಿ ಸಿಕ್ಕ ತೈಲನಿಕ್ಷೇಪದಲ್ಲಿ, ತನಗೆ 67.3 ಪಾಲು ಎಂದು ಹೇಗೆ ಬರೆಯುತ್ತದೆ? ಎರಡೂ ಸರಿ, ಅಳತೆಗೋಲು ಬೇರೆ. ಶೆವ್ರಾನ್ ಹೇಳುವುದು ಖರ್ಚು ಹೊರುವ ಗುತ್ತಿಗೆದಾರರ ನಡುವಿನ ಪಾಲು. 32ಕ್ಕೆ 8 ಎಂದರೆ ಗುತ್ತಿಗೆದಾರರ ಲೆಕ್ಕದಲ್ಲಿ 80ಕ್ಕೆ 20. ಜೊತೆಗೆ ಅಗ್ಬಾಮಿ ನಿಕ್ಷೇಪ ಒಂದೇ ಬ್ಲಾಕಿನಲ್ಲಿಲ್ಲ, ಪಕ್ಕದ ಒಎಂಎಲ್ 128ಕ್ಕೂ ಚಾಚಿದೆ. ಬೇಲಿಯ ಈಚೆ ಆಚೆ ಇಬ್ಬರೂ ಪೈಪೋಟಿಗೆ ಬಿದ್ದು ತೈಲ ಎಳೆದರೆ ಒತ್ತಡ ಬೇಗ ಕುಸಿದು ಕೆಳಗೇ ಉಳಿದುಹೋಗುವ ತೈಲ ಹೆಚ್ಚುತ್ತದೆ. ಅದಕ್ಕಾಗಿ ಎರಡನ್ನೂ ಒಂದೇ ಘಟಕ ಮಾಡಿ, ಫಾಮ್ಫಾ ಬ್ಲಾಕಿಗೆ ಸುಮಾರು 62.46, ಪಕ್ಕದ್ದಕ್ಕೆ 37.54 ಎಂದು ಹಂಚಿಕೊಂಡರು. 62.46ರ ಎಂಬತ್ತು ಪಾಲೆಂದರೆ 50ರ ಹತ್ತಿರ. ಅದಕ್ಕೆ ಶೆವ್ರಾನ್‌ಗೆ ಪಕ್ಕದ ಬ್ಲಾಕಿನಿಂದ ಬರುವ 17.3 ಕೂಡಿಸಿದರೆ 67.3. ಕಾಗದದ ಮೇಲೆ ಮಾಲೀಕರ 60 ಎಂಬುದೇ ಬೇರೆ ಲೆಕ್ಕ.

ತೈಲ ಪತ್ತೆಯಾದದ್ದು 1998ರ ಕೊನೆಯಲ್ಲಿ. ವಿಪರ್ಯಾಸವೆಂದರೆ ಅದೇ ಹೊತ್ತಿಗೆ ಕಚ್ಚಾತೈಲದ ಬೆಲೆ 10–12 ಡಾಲರಿಗೆ ಕುಸಿದಿತ್ತು. ಆದರೆ 1999ರ ಆಳಗಡಲ ಸುಗ್ರೀವಾಜ್ಞೆ ನೆರವಿಗೆ ಬಂತು. ನೀರು ಆಳವಾದಂತೆ ರಾಯಲ್ಟಿ, ಅಂದರೆ ತೆಗೆದ ತೈಲಕ್ಕಾಗಿ ಸರ್ಕಾರಕ್ಕೆ ಕೊಡಬೇಕಾದ ಪಾಲು, ಕಡಿಮೆ ಎಂಬ ಸೂತ್ರ ಅದು: 201ರಿಂದ 500 ಮೀಟರಿಗೆ 12 ಶೇಕಡಾ, 501ರಿಂದ 800ಕ್ಕೆ 8, 801ರಿಂದ 1,000ಕ್ಕೆ 4, ಅದಕ್ಕಿಂತ ಆಳಕ್ಕೆ ಸೊನ್ನೆ. ಅಗ್ಬಾಮಿ ಸೊನ್ನೆಯ ಸಾಲಿನಲ್ಲಿ ಬಿತ್ತು. ಲಾಭದ ಮೇಲಿನ ತೆರಿಗೆ 50 ಶೇಕಡಾ. ದಡದ ಮೇಲಿನ ಬಾವಿಗಳಿಗೆ ಅದು 85ರವರೆಗೆ ಇತ್ತು. ಬೇಡವೆನಿಸಿಕೊಂಡ ಆಳವೇ ಲಾಭದ ಕಾರಣವಾಯಿತು. ಈ ಸೊನ್ನೆಯನ್ನು ಸರ್ಕಾರ ತಿದ್ದಿದ್ದು 2019ರಲ್ಲಿ.

ಕಡಲ ತಳದ ಬಾವಿಗಳಿಂದ ಬರುವ ತೈಲವನ್ನು ಸಂಸ್ಕರಿಸಿ ಇಟ್ಟುಕೊಳ್ಳಲು ತೇಲುವ ಹಡಗೊಂದನ್ನು ದಕ್ಷಿಣ ಕೊರಿಯಾದಲ್ಲಿ ದೇವೂ ಹಡಗುಕಟ್ಟೆ ಕಟ್ಟಿಕೊಟ್ಟಿತು. ಉದ್ದ ಸುಮಾರು 320 ಮೀಟರ್, ಹೊಟ್ಟೆಯಲ್ಲಿ 20 ಲಕ್ಷ ಬ್ಯಾರೆಲಿಗೂ ಹೆಚ್ಚು ಹಿಡಿಯುತ್ತದೆ. 2008ರ ಜುಲೈನಲ್ಲಿ ತೈಲ ಹರಿಯಿತು, ಒಂದು ವರ್ಷದಲ್ಲಿ ದಿನಕ್ಕೆ 2,50,000 ಬ್ಯಾರೆಲಿನ ಗರಿಷ್ಠ ಮುಟ್ಟಿತು.

ಅಷ್ಟರಲ್ಲಿ ಇನ್ನೊಂದು ಕಡೆ ನೆಲ ಕುಸಿದಿತ್ತು. ಬ್ಲಾಕಿನಲ್ಲಿ ತೈಲವಿದೆ ಎಂದು ಗೊತ್ತಾದ ಮೇಲೆ ಸರ್ಕಾರ ಮೊದಲು 40 ಪಾಲು, ಆಮೇಲೆ ಇನ್ನೂ 10 ಪಾಲು ತನ್ನದೆಂದಿತು. 2003ರ ‘ಮರಳಿ ಪ್ರವೇಶ’ದ ನಿಯಮಾವಳಿ ಇದಕ್ಕೆ ಆಧಾರ: ಆಳಗಡಲ ಬ್ಲಾಕ್ ಪಡೆದವರ ಪಾಲಿನಲ್ಲಿ ಆರರಲ್ಲಿ ಐದು ಭಾಗವನ್ನು ಸರ್ಕಾರ ಪಡೆಯಬಹುದು. 60ರ ಆರರಲ್ಲಿ ಐದು ಭಾಗ ಎಂದರೆ ಸರಿಯಾಗಿ 50. ಫಾಮ್ಫಾಗೆ ಉಳಿದದ್ದು 10. ವಿದೇಶಿ ಪಾಲುದಾರರ 40 ಮುಟ್ಟಲಿಲ್ಲ, ಇದನ್ನು ಗಮನಿಸಬೇಕು; ಕತ್ತರಿ ಬಿದ್ದದ್ದು ಸ್ವದೇಶಿ ಪಾಲಿಗೆ ಮಾತ್ರ.

ಸಾಪೆಟ್ರೋಗೂ ಇದೇ ಗತಿಯಾಗಿತ್ತು, 60 ಹೋಗಿ 10 ಆಯಿತು. ಅದು 2006ರಲ್ಲಿ ಅಲ್ಲಿನ ಗುತ್ತಿಗೆದಾರ ಹಕ್ಕಿನ 45 ಪಾಲನ್ನು (ಇದು ಮಾಲೀಕರ 10ಕ್ಕಿಂತ ಬೇರೆ ಲೆಕ್ಕ) ಚೀನಾದ ಸಿನೂಕ್ ಕಂಪನಿಗೆ ಸುಮಾರು 227 ಕೋಟಿ ಡಾಲರಿಗೆ ಮಾರಿತು. ಕೈಗೆ ಬಂದದ್ದನ್ನು ನಗದು ಮಾಡಿಕೊಳ್ಳುವುದೂ ಕೆಟ್ಟ ದಾರಿಯಲ್ಲ. ಫಾಮ್ಫಾ ಕೋರ್ಟಿನ ದಾರಿ ಹಿಡಿಯಿತು.

ವಾದ ನಿಂತದ್ದು ಒಂದು ಪದದ ಮೇಲೆ. 1969ರ ಪೆಟ್ರೋಲಿಯಂ ಕಾಯ್ದೆಯ ಮೊದಲ ಅನುಸೂಚಿಯ 35ನೇ ಕಂಡಿಕೆ ಪ್ರಕಾರ ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಪಾಲು ಪಡೆಯಬಹುದು, ಆದರೆ ಷರತ್ತುಗಳನ್ನು ಸಚಿವರು ಅರ್ಜಿದಾರರೊಡನೆ ‘ಮಾತುಕತೆಯಿಂದ’ ಗೊತ್ತುಮಾಡಬೇಕು. ಮಾತುಕತೆ ಎಲ್ಲಿ ನಡೆಯಿತು ಎಂದು ಫಾಮ್ಫಾ ಕೇಳಿತು. ಆದೇಶ ಹೊರಡಿಸುವುದು ಮಾತುಕತೆಯಲ್ಲ. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದದ್ದು ಸರ್ಕಾರಿ ತೈಲ ನಿಗಮ ಎನ್ಎನ್‌ಪಿಸಿ. 2012ರ ಮೇ ತಿಂಗಳಲ್ಲಿ ತೀರ್ಪು ಫಾಮ್ಫಾ ಪರವಾಗಿ ಬಂತು, ಪಾಲು ಮರಳಿತು. 10 ಮತ್ತು 60ರ ನಡುವಿನ ಅಂತರ ಆರು ಪಟ್ಟು. ಅದೂ ಬ್ಯಾರೆಲ್ 100 ಡಾಲರ್ ದಾಟಿದ್ದ ಹೊತ್ತಿನಲ್ಲಿ.

ಅದಕ್ಕೇ 2012ರ ನಂತರ ಪತ್ರಿಕೆಗಳಲ್ಲಿ ಹೆಸರು ದಿಢೀರನೆ ದೊಡ್ಡದಾದದ್ದು. ಆಫ್ರಿಕನ್ ಮೂಲದ ಅತಿ ಶ್ರೀಮಂತ ಮಹಿಳೆಯಾಗಿ ಓಪ್ರಾ ವಿನ್‌ಫ್ರಿಯನ್ನೂ ಮೀರಿಸಿದರು ಎಂಬ ಸುದ್ದಿ ಆಗಿನದು. ಫೋರ್ಬ್ಸ್ 2016ರಲ್ಲಿ ಜಗತ್ತಿನ ಪ್ರಭಾವಿ ಮಹಿಳೆಯರಲ್ಲಿ ಅವರಿಗೆ 80ನೇ ಸ್ಥಾನ ಕೊಟ್ಟಿತು. 2015ರಲ್ಲಿ ಅದೇ ಪತ್ರಿಕೆ ಅಂದಾಜಿಸಿದ ಆಸ್ತಿ ಸುಮಾರು 210 ಕೋಟಿ ಡಾಲರ್, 2020ರಲ್ಲಿ ಸುಮಾರು 100 ಕೋಟಿ. ಇದರಲ್ಲಿ ಅವರು ಕಳೆದುಕೊಂಡದ್ದು, ಗಳಿಸಿದ್ದು ಎಂದು ಬಹಳ ಹುಡುಕಬೇಡಿ. ಷೇರುಪೇಟೆಯಲ್ಲಿಲ್ಲದ ಕುಟುಂಬ ಕಂಪನಿ ಅದು, ಅಂದಾಜು ಏರಿಳಿಯುವುದು ಹೆಚ್ಚಾಗಿ ಕಚ್ಚಾತೈಲದ ಬೆಲೆಯ ಜೊತೆ. ಕಟ್ಟಡ, ಮುದ್ರಣದಂಥ ಬೇರೆ ವ್ಯವಹಾರಗಳೂ ಕುಟುಂಬಕ್ಕಿವೆ, ತೈಲದ ಮುಂದೆ ಅವು ಚಿಕ್ಕವು.

ದಾನದ ಕೆಲಸಕ್ಕೆ ಬರೋಣ. ತೈಲ ಹರಿದ 2008ರಲ್ಲೇ ‘ರೋಸ್ ಆಫ್ ಶಾರನ್’ ಪ್ರತಿಷ್ಠಾನ ಶುರುವಾಯಿತು. ಹಳೆಯ ಅಂಗಡಿಯ ಹೆಸರೇ. ನೆರವು ವಿಧವೆಯರಿಗೆ ಮತ್ತು ಅನಾಥ ಮಕ್ಕಳಿಗೆ: ವಿದ್ಯಾರ್ಥಿವೇತನ, ಸಣ್ಣ ವ್ಯಾಪಾರಕ್ಕೆ ಬಂಡವಾಳ. ವಿಧವೆಯರೇ ಏಕೆ ಎಂದು ಕೇಳಿದರೆ ಉತ್ತರವಿರುವುದು ನೈಜೀರಿಯಾದ ಆಸ್ತಿ ಪದ್ಧತಿಗಳಲ್ಲಿ. ಅಲ್ಲಿ ಮದುವೆ ಮೂರು ಬಗೆ: ಕಾಯ್ದೆಯ ಪ್ರಕಾರ, ಇಸ್ಲಾಮಿಕ್ ಪದ್ಧತಿಯಲ್ಲಿ, ಸಾಂಪ್ರದಾಯಿಕ ಕಟ್ಟಳೆಯಲ್ಲಿ. ಲಾಗೋಸಿನಲ್ಲಿ ಕಾಯ್ದೆಯ ಮದುವೆಯಾಗಿ ಗಂಡ ಉಯಿಲು ಬರೆಯದೆ ಸತ್ತರೆ ಹೆಂಡತಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು. ಬರಿಯ ಕಟ್ಟಳೆಯ ಮದುವೆಯಾದರೆ ಹಲವು ಸಮುದಾಯಗಳಲ್ಲಿ ಹೆಂಡತಿ ವಾರಸುದಾರಳೇ ಅಲ್ಲ. ಮಕ್ಕಳಿದ್ದರೆ ಮಕ್ಕಳ ಹೆಸರಿನಲ್ಲಿ ಮನೆಯಲ್ಲಿ ಉಳಿಯಬಹುದು. ಇಲ್ಲದಿದ್ದರೆ ಉತ್ತರಕ್ರಿಯೆ ಮುಗಿಯುವಷ್ಟರಲ್ಲಿ ಮೈದುನರು ಬೀಗ ಬದಲಿಸಿರುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಇಗ್ಬೊ ಸಮುದಾಯದ ಕಟ್ಟಳೆಗೆ ಸಂಬಂಧಿಸಿದ ಎರಡು ಪ್ರಕರಣಗಳಲ್ಲಿ ಹೆಣ್ಣುಮಕ್ಕಳಿಗೆ, ವಿಧವೆಗೆ ಪಾಲು ನಿರಾಕರಿಸುವುದು ನಿಲ್ಲದು ಎಂದಿತು. 2015ರ ಹಿಂಸಾಚಾರ ನಿಷೇಧ ಕಾಯ್ದೆ ವಿಧವೆಯರ ಮೇಲಿನ ಹಾನಿಕರ ಆಚರಣೆಗಳನ್ನು ಅಪರಾಧವಾಗಿಸಿತು. ಆದರೆ ಕೇಂದ್ರದ ಕಾಯ್ದೆ ರಾಜ್ಯದಲ್ಲಿ ಜಾರಿಗೆ ಬರಲು ರಾಜ್ಯವೇ ಮತ್ತೆ ಕಾನೂನು ಮಾಡಬೇಕು.

ಹಕ್ಕಿದ್ದರೂ ದಾರಿ ಉದ್ದ. ಗಂಡನ ಬ್ಯಾಂಕ್ ಖಾತೆಯ ಹಣ ಬೇಕೆಂದರೆ ಸತ್ತವರ ಆಸ್ತಿಯ ವಿಷಯ ನೋಡುವ ಹೈಕೋರ್ಟಿನ ಪ್ರೊಬೇಟ್ ಕಚೇರಿಯಿಂದ ಆಸ್ತಿ ನಿರ್ವಹಣಾ ಪತ್ರ ತರಬೇಕು. ಅರ್ಜಿ, ಮರಣ ಪ್ರಮಾಣಪತ್ರ, ಆಸ್ತಿ ಪಟ್ಟಿ, ಜಾಮೀನುದಾರರು, ಆಸ್ತಿಯ ಮೌಲ್ಯಕ್ಕೆ ತಕ್ಕ ಶುಲ್ಕ, ಪತ್ರಿಕೆಯಲ್ಲಿ ಪ್ರಕಟಣೆ. ಈ ಹಂತದಲ್ಲಿ ಗಂಡನ ಕಡೆಯವರು ತಕರಾರು ಸಲ್ಲಿಸಿದರೆ ಎಲ್ಲವೂ ನಿಲ್ಲುತ್ತದೆ. ಶುಲ್ಕ ಕಟ್ಟಲು ಹಣ ಬೇಕು, ಹಣ ಇರುವುದು ಬೀಗ ಬಿದ್ದ ಆ ಖಾತೆಯಲ್ಲೇ. ಆ ನಡುವಿನ ತಿಂಗಳುಗಳಲ್ಲಿ ಮಕ್ಕಳ ಶಾಲೆ ತಪ್ಪುತ್ತದೆ. ಸಂಸ್ಥೆಗಳ ಸಣ್ಣ ಬಂಡವಾಳ ಕೆಲಸಕ್ಕೆ ಬರುವುದು ಇಂಥ ಬಿರುಕಿನಲ್ಲಿ.

ಇಂಥ ನೆರವು ಎಲ್ಲಿ ಕೆಡುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಬಂಡವಾಳ ಮತ್ತು ಶಾಲಾ ಶುಲ್ಕವನ್ನು ಬೇರೆ ಬೇರೆ ಕೊಡದಿದ್ದರೆ ಬಂಡವಾಳ ಶುಲ್ಕವಾಗಿ ಕರಗುತ್ತದೆ, ಅಂಗಡಿ ತೆರೆಯುವುದೇ ಇಲ್ಲ. ಒಂದೇ ಬೀದಿಯ ಇಪ್ಪತ್ತು ಮಂದಿಗೆ ಹೊಲಿಗೆ ಯಂತ್ರ ಕೊಟ್ಟರೆ ಎಷ್ಟೋ ಯಂತ್ರಗಳು ಮಾರಾಟಕ್ಕೆ ಬರುತ್ತವೆ. ವಿಧವೆಯೆಂದು ದೃಢೀಕರಿಸಲು ಊರಿನ ಮುಖಂಡರ ಪತ್ರವೇ ಸಾಕೆಂದರೆ, ಮುಖಂಡರ ಜೊತೆ ಜಗಳವಿರುವವಳಿಗೆ ನೆರವು ತಲುಪುವುದಿಲ್ಲ, ಹೆಚ್ಚು ಬೇಕಾದವಳು ಅವಳೇ. ನಾಯ್ರಾ ಕುಸಿದಾಗ ಕಳೆದ ವರ್ಷ ಗೊತ್ತುಮಾಡಿದ ಮೊತ್ತ ಈ ವರ್ಷ ಅರ್ಧ ಸರಕನ್ನೂ ತರುವುದಿಲ್ಲ. 2023ರಲ್ಲಿ ಸರ್ಕಾರ ವಿನಿಮಯ ದರ ಸಡಿಲಿಸಿದಾಗ ನೈಜೀರಿಯಾದ ಬಹುತೇಕ ಸಂಸ್ಥೆಗಳು ಇದನ್ನು ಅನುಭವಿಸಿದವು. ಡಾಲರಿನಲ್ಲಿ ಆದಾಯವಿರುವ ದಾನಿ ಹಿಂದಿರುವ ಪ್ರತಿಷ್ಠಾನಕ್ಕೆ ಇಲ್ಲೊಂದು ಅನುಕೂಲವಿದೆ, ಉಳಿದವರಿಗಿಲ್ಲ.

ಶಿಕ್ಷಣದ ಕಡೆ ಲಾಗೋಸಿನ ಯಾಬಾ ಕಾಲೇಜ್ ಆಫ್ ಟೆಕ್ನಾಲಜಿಗೆ ಕೌಶಲ ತರಬೇತಿ ಕೇಂದ್ರ ಕಟ್ಟಿಸಿಕೊಟ್ಟಿದ್ದಾರೆ. 2016ರಲ್ಲಿ ಒಸುನ್ ರಾಜ್ಯ ವಿಶ್ವವಿದ್ಯಾಲಯದ ಕುಲಾಧಿಪತಿಯಾದರು. ವಿಶ್ವವಿದ್ಯಾಲಯದ ಪದವಿಯಿಲ್ಲದೆ ಪಿಟ್‌ಮನ್ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಸೇರಿದ ಹೆಣ್ಣುಮಗಳು.

ಅಗ್ಬಾಮಿ ಈಗ ಮುದಿಯಾಗುತ್ತಿದೆ. ದಿನದ ಉತ್ಪಾದನೆ ಹಳೆಯ ಗರಿಷ್ಠದ ಅರ್ಧಕ್ಕಿಂತ ಕೆಳಗಿಳಿದಿದೆ. 2021ರ ಪೆಟ್ರೋಲಿಯಂ ಉದ್ಯಮ ಕಾಯ್ದೆ ಬಂದು ಒಪಿಎಲ್, ಒಎಂಎಲ್ ಎಂಬ ಹಳೆಯ ಹೆಸರುಗಳ ಜಾಗದಲ್ಲಿ ಹೊಸವು ಬಂದಿವೆ. ಪೆಟ್ರೋಬ್ರಾಸ್ ತನ್ನ ಆಫ್ರಿಕಾದ ಪಾಲನ್ನು 2020ರಲ್ಲಿ ಮಾರಿ ಹೋಯಿತು. ಪಕ್ಕದ ಬ್ಲಾಕಿನಲ್ಲಿದ್ದ ನಾರ್ವೆಯ ಎಕ್ವಿನೋರ್ 2024ರಲ್ಲಿ ತನ್ನದನ್ನು ಚಪ್ಪಲ್ ಎನರ್ಜೀಸ್ ಎಂಬ ನೈಜೀರಿಯಾದ ಕಂಪನಿಗೆ ವಹಿಸಿ ಹೊರಟಿತು. 1993ರಿಂದ ಒಂದೇ ಬ್ಲಾಕ್ ಹಿಡಿದು ಕೂತಿರುವುದು ಫಾಮ್ಫಾ.